ನಲವತ್ತರ ಫ್ಯೂಸು

ತರಕಾರಿ ವ್ಯಾನಿನ ಡ್ರೈವರು ಆ ಡಬ್ಬವನ್ನು ಆಗತಾನೆ ಹುಟ್ಟಿದ ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಡಬ್ಬದ ಮೇಲೆ ಬೆಂಕಿ ಉಗುಳುವ ಹುಲಿಯ ಚಿತ್ರ, ಹುಲಿಯ ಹೊಟ್ಟೆಯ ಮೇಲೆ ದಪ್ಪ ಅಕ್ಷರದಲ್ಲಿ ಮೂರು ಸಾವಿರ ವ್ಯಾಟ್.

"ಅಕ್ಕಾ, ನೋಡಿ! ಮೂರು ಸಾವಿರ! ಇನ್ನು ನಾನು ಬರೋದು ಮೂರು ಬೀದಿ ಆಚೆಗೇ ಗೊತ್ತಾಗಬೇಕು."

ಅಕ್ಕ ಅಂದರೆ ಕಾರುಗಳಿಗೆ ಹಾಡಿನ ಸೆಟ್ಟು ಕೂರಿಸುವ ಆ ಅಂಗಡಿಯ ಯಜಮಾನಿ, ಬೀದಿಯವರ ಬಾಯಲ್ಲಿ ಫ್ಯೂಸಕ್ಕ. ಸ್ಟೂಲಿನ ಮೇಲೆ ಕೂತು ಕೆಂಪು ತಂತಿಯ ಸಿಪ್ಪೆ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಹುಲೀನ ಆ ಕಡೆ ಇಡು. ಒಳಗಿರೋ ಆಂಪ್ಲಿಫೈಯರ್ ತೆಗೆದು ಹಿಂದೆ ತಿರುಗಿಸು. ಫ್ಯೂಸ್ ಮೇಲೆ ಎಷ್ಟು ಅಂತ ಬರೆದಿದೆ?"

"ಮೂವತ್ತು."

"ಎಂಜಿನ್ ಓಡ್ತಿದ್ರೆ ಬ್ಯಾಟರಿ ಹತ್ರ ಸಿಗೋದು ಹದಿನಾಲ್ಕು ವೋಲ್ಟು. ಹದಿನಾಲ್ಕನ್ನ ಮೂವತ್ತರಿಂದ ಗುಣಿಸು."

ಡ್ರೈವರು ಆಕಾಶ ನೋಡಿದ, ಬೆರಳು ಮಡಚಿದ. "ನಾನೂರ ಇಪ್ಪತ್ತು."

"ಅದರಲ್ಲೂ ಒಂದಿಷ್ಟು ಬರೀ ಬಿಸಿಯಾಗಿ ಹೋಗತ್ತೆ. ಮುನ್ನೂರು ಸಿಕ್ಕರೆ ನಿನ್ನ ಪುಣ್ಯ."

"ಮತ್ತೆ ಮಿಕ್ಕಿದ್ದು?"

"ಮಿಕ್ಕಿದ್ದು ಹುಲಿ ತಿಂತು."

ಪಕ್ಕದ ಟೈರಿನ ಅಂಗಡಿಯಿಂದ ಟೈರಣ್ಣ ಗಹಗಹಿಸಿ ನಕ್ಕ. ಅವನಿಗೆ ಪಂಕ್ಚರ್ ಹಾಕುವುದಕ್ಕಿಂತ ಈ ಕಡೆಯ ಮಾತು ಕೇಳುವುದೇ ದೊಡ್ಡ ಕೆಲಸ. ಡ್ರೈವರೂ ನಕ್ಕ. ಮುನ್ನೂರು ವ್ಯಾಟ್ ಅಂದರೂ ತರಕಾರಿ ವ್ಯಾನಿಗೆ ಧಾರಾಳವಾಯಿತು, ಸೌತೆಕಾಯಿಗಳೆಲ್ಲ ಎದ್ದು ಕುಣಿಯುತ್ತವೆ ಅಂತ ಫ್ಯೂಸಕ್ಕ ಸಮಾಧಾನ ಮಾಡಿದಳು. ಆದರೆ ಅವಳ ಮುಖದಲ್ಲಿ ನಗು ಇರಲಿಲ್ಲ. ಆ ವಾರವಿಡೀ ಇರಲಿಲ್ಲ.

ಕಾರಣ ಹೇಳಿಬಿಡುತ್ತೇನೆ, ಮುಚ್ಚಿಡುವುದಕ್ಕೆ ಏನಿದೆ! ಭಾನುವಾರದ ಬಸ್ಸಿಗೆ ಅವಳು ಟಿಕೆಟ್ ತೆಗೆದಿದ್ದಳು. ಹೊಲಿಗೆ ಅಂಗಡಿ ಇಟ್ಟುಕೊಂಡ ತಂಗಿ ಇನ್ನೊಂದು ಊರಲ್ಲಿದ್ದಾಳೆ. ಕೆಲಸ ಜಾಸ್ತಿಯಾಗಿದೆ, ಮನೆಯೂ ದೊಡ್ಡದಿದೆ, ಬಂದುಬಿಡೇ ಅಕ್ಕ, ಅಲ್ಲಿ ಯಾರ ಮುಖ ನೋಡ್ಕೊಂಡು ಕೂತಿದ್ದೀಯ ಅಂತ ವರ್ಷದಿಂದ ಜೀವ ತಿನ್ನುತ್ತಿದ್ದಾಳೆ. ಇವಳಿಗೆ ಹೋಗಲು ಮನಸ್ಸಿಲ್ಲ, ಎಳ್ಳಷ್ಟೂ ಇಲ್ಲ. ಆದರೆ ಗಂಡ ಬೇಡ ಅನ್ನಲಿಲ್ಲವಲ್ಲ!

ಗಂಡ ಅಂದರೆ ಆ ಬೀದಿಗೆಲ್ಲ ಕಿವಿ ಮೇಷ್ಟ್ರು. ಷೆಡ್ಡು ಎರಡು ಕಾರು ಹಿಡಿಯುವಷ್ಟೇ ದೊಡ್ಡದು, ಕೆಲಸವೂ ಎರಡು ಪಾಲು. ತಂತಿ ಎಳೆಯುವುದು, ಫ್ಯೂಸ್ ಕೂರಿಸುವುದು, ಕಾರಿನ ಮೈಗೆ ಅರ್ತ್ ಬೋಲ್ಟು ಬಿಗಿಯುವುದು ಹೆಂಡತಿಯದು. ಕೊನೆಯಲ್ಲಿ ಕಾರಿನೊಳಗೆ ಕೂತು, ಕಣ್ಣು ಮುಚ್ಚಿ, ಹಾಡಿನ ದಪ್ಪ ಸಣ್ಣ ಹದ ಮಾಡುವುದು ಗಂಡನದು. ಅದಕ್ಕೆ ಅವನದೊಂದೇ ಹಾಡು. ಹೆಂಗಸೊಬ್ಬಳು ಹಾಡುತ್ತಾಳೆ, ಜೊತೆಗೆ ಬರೀ ಡೋಲು. "ಡೋಲು ಯಾವ ಡಬ್ಬದಲ್ಲೂ ಕೇಳತ್ತೆ. ಅವಳ ಮಾತು ಬಿಡಿಸಿ ಬಿಡಿಸಿ ಕೇಳಬೇಕು, ಆಗ ನನ್ನ ಕೆಲಸ ಮುಗೀತು," ಅನ್ನುತ್ತಿದ್ದ. ಅವನು ಹದ ಮಾಡಿದ ಕಾರನ್ನು ಇನ್ನೊಬ್ಬ ಮುಟ್ಟಬೇಕಾಗಿಲ್ಲ ಅಂತ ಜನ ದೂರದೂರದಿಂದ ಬರುತ್ತಿದ್ದರು.

ಅಂಥ ಕಿವಿ ಇದ್ದವನು ಎರಡು ವರ್ಷದಿಂದ ಹೆಂಡತಿಯ ಮಾತಿಗೆ ಮಾತು ಕೊಡುವುದನ್ನೇ ಬಿಟ್ಟಿದ್ದ. ಊಟಕ್ಕೆ ಕೂತಾಗ ಏನಾದರೂ ಹೇಳಿದರೆ ಹೂಂ. ಒಲೆಯ ಹತ್ತಿರದಿಂದ ಕರೆದರೆ ಅದೂ ಇಲ್ಲ. ಅವಳು ಒಳ್ಳೆಯ ತಮಾಷೆಗಾರ್ತಿ. ಮೊದಲೆಲ್ಲ ಅವಳು ಒಂದು ಮಾತು ಬಿಟ್ಟರೆ ಅವನು ಅನ್ನ ನೆತ್ತಿಗೇರುವ ಹಾಗೆ ನಗುತ್ತಿದ್ದ. ಈಗ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಸರಿ, ಹೆಂಡತಿಯ ಮಾತು ಕೇಳಿಸದಿರುವುದು ಗಂಡಂದಿರ ಜಾತಿಗೇ ಬಂದ ಗುಣ ಅಂತ ಅವಳೂ ಹೊಟ್ಟೆಗೆ ಹಾಕಿಕೊಂಡಿದ್ದಳು. ಆದರೆ ಅದೇ ಮನುಷ್ಯ ಟೈರಣ್ಣನ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದ! ಟೈರಣ್ಣನ ದನಿಯೋ, ಖಾಲಿ ಡ್ರಮ್ಮನ್ನು ಉರುಳಿಸಿದ ಹಾಗೆ. ಅದು ಗಂಡನಿಗೆ ಅಮೃತ, ಹೆಂಡತಿಯ ಸಣ್ಣ ದನಿ ಮಾತ್ರ ಬೇಡವಾಯಿತು. ಹೊಟ್ಟೆ ಉರಿಯದೆ ಇರುತ್ತದೆಯೇ?

ಹೋದ ವಾರ ಕಾರಿನಲ್ಲಿ ಮನೆಗೆ ಹೋಗುವಾಗ, ಪಕ್ಕದಲ್ಲಿ ಕೂತು, ಅವಳು ಧೈರ್ಯ ಮಾಡಿ ಹೇಳಿಬಿಟ್ಟಳು. "ತಂಗಿ ಕರೀತಿದ್ದಾಳೆ. ಅಲ್ಲೇ ಇದ್ದುಬಿಡು ಅಂತಾಳೆ. ಹೋಗಲಾ?"

ಅವನು ರಸ್ತೆ ನೋಡುತ್ತಲೇ ಹೂಂ ಅಂದ.

ಇಷ್ಟೇ. ಯಾಕೆ ಅನ್ನಲಿಲ್ಲ, ಯಾವಾಗ ಅನ್ನಲಿಲ್ಲ. ಇಷ್ಟು ವರ್ಷ ಬಾಳಿದ ಹೆಂಡತಿ ಹೋಗಲಾ ಅಂದರೆ ಹೂಂ! ಬೇಡ ಅನ್ನುವ ಎರಡಕ್ಷರಕ್ಕೆ ಅವಳು ಮನೆ ಬರುವವರೆಗೂ ಕಾದಳು. ಬರಲಿಲ್ಲ. ಮರುದಿನ ಟಿಕೆಟ್ ತೆಗೆದಳು. ಬಟ್ಟೆಯ ಚೀಲ ಕಟ್ಟಿ ಮಂಚದ ಕೆಳಗೆ ತಳ್ಳಿದಳು.

ಆ ದಿನ ತರಕಾರಿ ವ್ಯಾನಿನವನನ್ನು ಸಾಗಹಾಕಿ, ತಂತಿಗೆ ಸುತ್ತುವ ಅಂಟುಪಟ್ಟಿ ಮುಗಿದಿದೆ, ತರೋಣ ಅಂತ ಅವಳು ತಮ್ಮದೇ ಕಾರು ಹತ್ತಹೋದಳು. ಗಿರಾಕಿಗಳಿಗೆ ಹಾಡು ಕೇಳಿಸಿ ತೋರಿಸುವುದಕ್ಕೆಂದು ಇಟ್ಟ ಹಳೆಯ ಕಾರು ಅದು. ಗಂಡ ಆಗತಾನೆ ಯಾರಿಗೋ ಹಾಡು ಕೇಳಿಸಿ ಕಳಿಸಿದ್ದ. ಬಾಗಿಲು ತೆಗೆದದ್ದೇ ಮೂಗಿಗೆ ಒಂದು ವಾಸನೆ ಹೊಡೆಯಿತು. ಈ ಕಸುಬಿನವರು ನಿದ್ದೆಯಲ್ಲೂ ಗುರುತು ಹಿಡಿಯುವ ವಾಸನೆ. ಚಪ್ಪಲಿ ಬಿಟ್ಟು ಕಾಲಿನ ಕೆಳಗಿನ ಮ್ಯಾಟ್ ಮೇಲೆ ಪಾದ ಇಟ್ಟಳು. ಬೆಚ್ಚಗಿತ್ತು. ಮ್ಯಾಟ್ ಎಳೆದು ನೋಡಿದರೆ, ಬ್ಯಾಟರಿಯಿಂದ ಹಿಂದಕ್ಕೆ ಹೋಗುವ ಕೆಂಪು ತಂತಿಯ ಹೊದಿಕೆ ಮೆತ್ತಗಾಗಿ, ಹೊಳೆಹೊಳೆದು, ಕೆಳಗಿನ ಬಟ್ಟೆಗೆ ಅಂಟಿಕೊಂಡಿತ್ತು.

ಓಡಿ ಹೋಗಿ ಬಾನೆಟ್ ಎತ್ತಿದಳು. ಬ್ಯಾಟರಿಯ ಪಕ್ಕದ ಫ್ಯೂಸಿನ ಗೂಡಿನಲ್ಲಿ ನಲವತ್ತರ ಫ್ಯೂಸ್ ಇರಬೇಕಾಗಿತ್ತು. ಅಲ್ಲಿ ಅರವತ್ತರದು ಕೂತಿತ್ತು.

ಇದು ಎಂಥ ಅನಾಹುತ ಅಂತ ಒಂಚೂರು ಬಿಡಿಸಿ ಹೇಳಬೇಕು. ಆ ಕಾರಿನ ಆಂಪ್ಲಿಫೈಯರ್ ಬೇಕೆಂದರೆ ಅರವತ್ತು ಆಂಪಿಯರ್ ಎಳೆಯಬಲ್ಲದು. ಆದರೆ ತಂತಿ ತಾಳುವುದು ನಲವತ್ತನ್ನೇ. ಅದಕ್ಕೇ ಗಂಡ ಹೆಂಡತಿ ಇಬ್ಬರೂ ಕೂತು, ನಾವೇನು ಊರು ಕಿತ್ತುಹೋಗುವ ಹಾಗೆ ಕೂಗಿಸುತ್ತೇವಾ, ನಲವತ್ತು ಸಾಕು ಅಂತ ಆ ಫ್ಯೂಸ್ ಹಾಕಿದ್ದರು. ಲೆಕ್ಕ ತಪ್ಪಿರಲಿಲ್ಲ. ಗಂಡ ಹಾಡು ಕೇಳಿಸುವ ಹದಕ್ಕೆ ಮೀಟರು ಇಪ್ಪತ್ತೈದರ ಆಚೆ ಈಚೆ ತೋರಿಸುತ್ತಿತ್ತು. ವರ್ಷಗಟ್ಟಲೆ ಫ್ಯೂಸ್ ತುಟಿ ಪಿಟಕ್ಕೆನ್ನಲಿಲ್ಲ. ಈಚೆಗೆ ಮಾತ್ರ ಮೇಲಿಂದ ಮೇಲೆ ಹಾರತೊಡಗಿತು. ಗಂಡ ತಂತಿ ನೋಡಿದ, ಅರ್ತ್ ನೋಡಿದ, ಆಂಪ್ಲಿಫೈಯರ್ ಬಿಚ್ಚಿ ನೋಡಿ ಅದರ ವಂಶಕ್ಕೆಲ್ಲ ಬೈದ. ಆಮೇಲೆ ಹಾರುವುದು ನಿಂತಿತು. ರಿಪೇರಿಯಾಯಿತು ಅಂತ ಅವಳು ತಿಳಿದಿದ್ದಳು. ರಿಪೇರಿ ಅಂದರೆ ಇದು!

"ರೀ!" ಅಂತ ಅವಳು ಕೂಗಿದ ಕೂಗಿಗೆ ಟೈರಣ್ಣನ ಕೈಯಿಂದ ಪಾನೆ ಜಾರಿತು. ಗಂಡ ಆ ಮೂಲೆಯಲ್ಲಿ ಬೆನ್ನು ಮಾಡಿ ಕೂತು ಸ್ಪೀಕರಿನ ಮುಚ್ಚಳ ಒರೆಸುತ್ತಿದ್ದ, ಒರೆಸುತ್ತಲೇ ಇದ್ದ. ಅವಳು ಹೋಗಿ ಅವನ ಮೂಗಿನ ಕೆಳಗೆ ಆ ಫ್ಯೂಸ್ ಹಿಡಿದಳು.

"ಇದೇನ್ರೀ ಇದು? ಬಂದವರಿಗೆಲ್ಲ ಉಪದೇಶ ಮಾಡ್ತೀರಲ್ಲ, ಫ್ಯೂಸ್ ಇರೋದು ತಂತಿ ಕಾಯೋಕೆ ಅಂತ! ಹೋದ ತಿಂಗಳು ಆ ಮದುಮಗನಂಥ ಹುಡುಗ ಫ್ಯೂಸ್ ದೊಡ್ಡದು ಮಾಡ್ಕೊಂಡು ಬಂದಾಗ ಅವನನ್ನ ಅಳಿಸಿ ಕಳಿಸಿದ್ರಿ! ನಿಮ್ಮ ಕಾರಿಗೆ ಬೇರೆ ನ್ಯಾಯನಾ? ತಂತಿ ಕರಗಿದೆ! ಇನ್ನೆರಡು ಹಾಡು ಹಾಕಿದ್ರೆ ಕಾರಿನೊಳಗೇ ಬೆಂಕಿ!"

ಅವನು ಫ್ಯೂಸ್ ನೋಡಿದ, ಅವಳ ತುಟಿ ನೋಡಿದ, ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡ. "ಆಂಪ್ಲಿಫೈಯರ್ ಮಂಕಾಗಿದೆ ಕಣೇ. ಮೊದಲಿನ ಹಾಗೆ ಹಾಡಲ್ಲ. ಅವಳ ಮಾತು ಬಿಡಿಸಿ ಕೇಳಲ್ಲ, ಅದಕ್ಕೇ ಸ್ವಲ್ಪ ಏರಿಸ್ತೀನಿ. ಏರಿಸಿದ್ರೆ ಫ್ಯೂಸ್ ಹಾರತ್ತೆ. ಗಿರಾಕಿ ಮುಂದೆ ಮರ್ಯಾದೆ ಹೋಗತ್ತೆ. ಏನು ಮಾಡಲಿ?"

"ಮಂಕಾದ ಆಂಪ್ಲಿಫೈಯರ್ ಕಡಿಮೆ ಎಳೀಬೇಕು. ಇದು ಜಾಸ್ತಿ ಎಳೀತಿದೆ. ಯಾವ ಊರಿನ ಮಂಕು ಅದು?"

ಅವಳು ಸೆರಗು ಬಿಗಿದು ಕೆಲಸಕ್ಕೆ ಇಳಿದಳು. ಭಾನುವಾರ ಹೋಗುವವಳಿಗೆ ಇದೆಲ್ಲ ಯಾಕೆ ಅಂತ ನೀವು ಕೇಳಬಹುದು. ಅವಳೂ ಕೇಳಿಕೊಂಡಳು. ತಾನು ಹೋದ ಮೇಲೆ ಈ ಮನುಷ್ಯ ಒಬ್ಬನೇ ಈ ಕಾರಿನಲ್ಲಿ ಕೂತು ಸುಟ್ಟುಕೊಂಡರೆ? ಕರಗಿದ ತಂತಿಯನ್ನು ಕಿತ್ತು ಬಿಸಾಕಿದಳು. ಹೆಬ್ಬೆರಳಿನ ಗಾತ್ರದ ಹೊಸ ತಂತಿ ಎಳೆದಳು. ಲೋಹದ ಅಂಚು ತಾಗುವಲ್ಲೆಲ್ಲ ರಬ್ಬರಿನ ಬಳೆ ತೊಡಿಸಿದಳು. ಈಗ ಅರವತ್ತರ ಫ್ಯೂಸಿಗೂ ಅಂಜಬೇಕಾಗಿರಲಿಲ್ಲ, ಅದನ್ನೇ ಗೂಡಿಗೆ ವಾಪಸ್ ಹಾಕಿದಳು. ಅರ್ತಿನ ಬೋಲ್ಟನ್ನು ಉಜ್ಜಿ ಬಿಗಿದಳು. ಅಂಗಡಿಯ ಬೇರೊಂದು ಆಂಪ್ಲಿಫೈಯರನ್ನು, ಚೆನ್ನಾಗಿದೆ ಅಂತ ಕಣ್ಣಾರೆ ಕಂಡದ್ದನ್ನು, ಹಳೆಯದರ ಜಾಗದಲ್ಲಿ ಕೂರಿಸಿದಳು.

"ಈಗ ಮುಂದೆ ಕೂತ್ಕೊಳ್ಳಿ," ಅಂದಳು. ಅವನು ಅಲುಗಾಡಲಿಲ್ಲ. ತೋಳು ಹಿಡಿದು ಕೂರಿಸಿದಳು. "ನಾನು ಹಿಂದಿನ ಸೀಟಲ್ಲಿ ಕೂತು ರಿಮೋಟಲ್ಲಿ ಏರಿಸ್ತಾ ಬರ್ತೀನಿ. ನೀವು ಯಾವಾಗಲೂ ಹಾಡು ಕೇಳಿಸೋ ಹದಕ್ಕೆ ಬಂದಾಗ ಕೈ ಎತ್ತಿ. ನೀವು ಗುಂಡಿ ಮುಟ್ಟಬಾರದು, ತಿರುಗಬಾರದು."

"ಇದೇನು ಪರೀಕ್ಷೆನಾ?" ಅಂತ ನಕ್ಕ ಅವನು. ನಗು ಪೂರ್ತಿ ಬರಲಿಲ್ಲ.

ಅವಳು ಹೊಸ ತಂತಿಗೆ ಮೀಟರಿನ ಕೊಂಡಿ ತೊಡಿಸಿದಳು. ಹಾಡು ಎಷ್ಟು ಕರೆಂಟು ಎಳೆದರೂ ಅದರಲ್ಲಿ ಅತಿ ಹೆಚ್ಚಿನದನ್ನು ಹಿಡಿದಿಟ್ಟು ತೋರಿಸುವ ಮೀಟರು. ಅದೇ ಹೆಂಗಸಿನ ಹಾಡು ಹಾಕಿ, ಮೆಲ್ಲಗೆ ಏರಿಸತೊಡಗಿದಳು. ಹತ್ತು. ಹದಿನೈದು. ಇಪ್ಪತ್ತೈದಕ್ಕೆ ಬಂದಾಗ ಹಾಡು ಎಷ್ಟು ಚೆಂದ ಆಯಿತು ಅಂದರೆ, ಹಾಡುವವಳು ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತಿತ್ತು. ಇದೇ ಹದ, ಇಷ್ಟು ವರ್ಷ ಗಂಡ ಹಿಡಿದ ಹದ. ಅವಳು ಅವನ ಕೈ ನೋಡಿದಳು. ಕೈ ತೊಡೆಯ ಮೇಲೇ ಇತ್ತು.

ಮೂವತ್ತು. ಅವಳು ಒಂದು ಕಿವಿ ಮುಚ್ಚಿಕೊಂಡಳು. ಮೂವತ್ತೆಂಟಕ್ಕೆ ಕಾರಿನ ಕಿಟಕಿ ಗಡಗಡ ಅಂದಿತು. ಟೈರಣ್ಣ ಆ ಕಡೆಯಿಂದ ಕೈ ಬೀಸಿ, ಏನ್ರಪ್ಪಾ, ಯಾರನ್ನ ಸಾಯಿಸ್ತಿದ್ದೀರಿ ಅಂತ ಬಾಯಿ ಮಾಡಿದ. ಗಂಡ ಹಣೆ ಗಂಟಿಕ್ಕಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಚಾಚಿ, ಯಾರೋ ದೂರದಲ್ಲಿ ಕರೆಯುತ್ತಿದ್ದಾರೆ ಅನ್ನುವ ಹಾಗೆ ಕೂತಿದ್ದ. ಅಯ್ಯೋ ದೇವರೇ, ಈಗಲಾದರೂ ಕೈ ಎತ್ತಲಿ ಅಂತ ಅವಳು ಒಳಗೊಳಗೇ ಬೇಡಿಕೊಂಡಳು.

ಐವತ್ತೊಂದಕ್ಕೆ ಅವನು ಕೈ ಎತ್ತಿದ. "ಹಾಂ! ಈಗ ನೋಡು, ಈಗ ಬಂತು ಅವಳ ಮಾತು. ಈ ಆಂಪ್ಲಿಫೈಯರ್ ವಾಸಿ. ಇಪ್ಪತ್ತೈದು ತಾನೇ?"

ಅವಳು ಹಾಡು ನಿಲ್ಲಿಸಿದಳು. ಮೀಟರನ್ನು ಮುಂದಕ್ಕೆ ಚಾಚಿ ಅವನ ಕಣ್ಣೆದುರು ಹಿಡಿದಳು.

ಅವನು ಐವತ್ತೊಂದು ಅಂತ ಓದಿಕೊಂಡ. ಬೇರೆ ಯಾರಾದರೂ ಬಾಯಿಮಾತಿನಲ್ಲಿ ಹೇಳಿದ್ದರೆ ಜಗಳ ಆಡುತ್ತಿದ್ದ. ವೈದ್ಯರು ಹೇಳಿದ್ದರೂ ವೈದ್ಯರ ಮಿಷಿನ್ನು ಸರಿಯಿಲ್ಲ ಅನ್ನುತ್ತಿದ್ದ. ಮೀಟರಿನ ಜೊತೆ ಜಗಳ ಆಡುವುದು ಅವನಿಗೆ ಗೊತ್ತಿರಲಿಲ್ಲ. ಬೆರಳು ಮಡಚಿ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಶುರು ಮಾಡಿದ. "ತಂತಿ ಹೊಸದು. ಅರ್ತ್ ಸರಿ ಇದೆ. ಆಂಪ್ಲಿಫೈಯರ್ ಬೇರೆಯದು. ಹಾಡು ಅದೇ." ಒಂದು ಬೆರಳು ಉಳಿಯಿತು. "ಹಾಗಾದ್ರೆ ಕೆಟ್ಟಿರೋದು ನಾನೇ."

"ಹಾಗನ್ನಬೇಡಿ."

ಅದು ಅವನಿಗೆ ಕೇಳಿಸಲಿಲ್ಲ, ಅವಳು ಹಿಂದಿನ ಸೀಟಿನಲ್ಲಿದ್ದಳು. "ಅನುಮಾನ ಇತ್ತು ಕಣೇ," ಅಂದ ಅವನು ಗಾಜಿನ ಕಡೆ ನೋಡುತ್ತ. "ಒಪ್ಕೊಂಡುಬಿಟ್ರೆ ನಿಜ ಆಗಿಬಿಡತ್ತೆ ಅಂತ ಎಲ್ಲಾ ಆಂಪ್ಲಿಫೈಯರ್ ತಲೆಗೆ ಕಟ್ಟಿದೆ. ಕಿವಿ ಮೇಷ್ಟ್ರು ಅಂತಾರೆ ನನ್ನನ್ನ. ಕಿವಿನೇ ಹೋದ್ರೆ ಇನ್ನೇನು ಉಳೀತು?"

ಅವಳ ಕಣ್ಣು ತುಂಬಿ ಬಂತು. ಅವನ ಮೇಲಿನ ಮರುಕ ಒಂದು ಕಡೆ ಇರಲಿ, ಅದೇ ಹೊತ್ತಿಗೆ ಅವಳ ತಲೆಯೊಳಗೆ ಇನ್ನೊಂದು ಲೆಕ್ಕ ನಡೆಯುತ್ತಿತ್ತು. ಟೈರಣ್ಣನ ಡ್ರಮ್ಮಿನಂಥ ದನಿ ಕೇಳುತ್ತದೆ. ಡೋಲು ಕೇಳುತ್ತದೆ. ಹಾಡುವ ಹೆಂಗಸಿನ ಸಣ್ಣ ದನಿ ಕೇಳುವುದಿಲ್ಲ. ಹಾಗಾದರೆ ಎರಡು ವರ್ಷದ ಊಟದ ತಟ್ಟೆ? ಒಲೆಯ ಹತ್ತಿರದಿಂದ ಕರೆದದ್ದು? ಅವಳು ಕಣ್ಣೊರೆಸಿಕೊಂಡು, ಅವನ ಬೆನ್ನಿಗೆ, ದಿನವೂ ಮಾತಾಡುವ ದನಿಯಲ್ಲೇ ಹೇಳಿದಳು: "ನಾನು ಭಾನುವಾರ ತಂಗಿ ಮನೆಗೆ ಹೋಗ್ತಿದ್ದೀನಿ."

ಹೂಂ ಕೂಡ ಬರಲಿಲ್ಲ. ಅವನು ಮೀಟರನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂತಿದ್ದ.

ಅವಳು ಹಿಂದಿನ ಬಾಗಿಲು ತೆಗೆದು ಇಳಿದಳು. ಸುತ್ತಿ ಬಂದು ಮುಂದಿನ ಬಾಗಿಲು ತೆಗೆದು, ಅವನ ಎದುರಿಗೆ ಮೊಣಕಾಲೂರಿ ಕೂತಳು. ಷೆಡ್ಡಿನ ನೆಲದ ಎಣ್ಣೆಯೆಲ್ಲ ಸೀರೆಗೆ ಅಂಟಿತು, ಅಂಟಲಿ! ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ನಾನು ಭಾನುವಾರ ತಂಗಿ ಮನೆಗೆ ಹೋಗ್ತಿದ್ದೀನಿ. ಗೊತ್ತಾ ನಿಮಗೆ?"

"ಹೌದಾ? ಎಷ್ಟು ದಿನಕ್ಕೆ?"

"ವಾಪಸ್ ಬರಲ್ಲ."

ಅವನಿಗೆ ಅದು ಕೇಳಿಸಿತು. ಮುಖದ ಬಣ್ಣವೇ ಇಳಿದುಹೋಯಿತು. "ಯಾಕೆ? ಏನಾಯ್ತು? ನನಗೆ ಒಂದು ಮಾತು ಹೇಳಲಿಲ್ಲವಲ್ಲ ನೀನು!"

"ಹೇಳಿದೆ ರೀ! ಹೋದ ವಾರ, ಇದೇ ಕಾರಲ್ಲಿ, ಪಕ್ಕದಲ್ಲಿ ಕೂತು ಹೋಗಲಾ ಅಂತ ಕೇಳಿದೆ. ಹೂಂ ಅಂದ್ರಿ!"

"ನಾನು ಎಲ್ಲದಕ್ಕೂ ಹೂಂ ಅಂತೀನಿ ಮಾರಾಯ್ತಿ!" ಅವನ ದನಿ ಒಡೆಯಿತು. "ನೀನು ಬಾಯಿ ಅಲ್ಲಾಡಿಸಿದ್ರೆ ಸಾಕು, ಹೂಂ ಅಂತೀನಿ. ಏನು ಹೇಳಿದೆ ಅಂತ ಮತ್ತೆ ಮತ್ತೆ ಕೇಳಿದ್ರೆ ಗೊತ್ತಾಗಿಬಿಡತ್ತೆ ಅಂತ. ಊಟಕ್ಕೆ ಕೂತಾಗ ನೀನು ಏನೋ ಹೇಳಿ ನೀನೇ ನಗ್ತೀಯ. ನಾನೂ ನಗಬೇಕು ಅನ್ಸತ್ತೆ. ಎಲ್ಲಿ ನಗಬೇಕು ಅಂತ ಗೊತ್ತಾಗಲ್ಲ. ತಪ್ಪು ಜಾಗದಲ್ಲಿ ನಕ್ಕರೆ? ಅದಕ್ಕೇ ತಟ್ಟೆ ನೋಡ್ತೀನಿ."

ಅವಳು ಅಳುವುದನ್ನು ತಡೆಯಲಿಲ್ಲ. ಈ ಮನುಷ್ಯನಿಗೆ ತಾನು ಬೇಡವಾಗಿದ್ದೇನೆ ಅಂತ ಎರಡು ವರ್ಷ ಒಬ್ಬಳೇ ದಿಂಬು ಒದ್ದೆ ಮಾಡಿದ್ದಳಲ್ಲ! ತನ್ನ ಮಾತಿಗೆ ಅಲ್ಲೊಬ್ಬ ತಟ್ಟೆ ನೋಡಿಕೊಂಡು ಹಂಬಲಿಸುತ್ತಿದ್ದ. ಇಬ್ಬರೂ ಎಂಥ ದಡ್ಡರು, ಎಂಥ ಶುದ್ಧ ದಡ್ಡರು ಅಂತ ಅವಳಿಗೆ ಸಿಟ್ಟೂ ಬಂತು. ಅವನ ಎರಡೂ ಕಿವಿ ಹಿಡಿದು ಹಿಂಡಿದಳು, ಆಮೇಲೆ ಅದೇ ಕೈಯಿಂದ ಅವನ ಕೆನ್ನೆ ಸವರಿದಳು.

"ಈಗ ನೆಟ್ಟಗೆ ನನ್ನ ಬಾಯಿ ನೋಡಿ," ಅಂದಳು, ಒಂದೊಂದೇ ಮಾತು ಬಿಡಿಸಿ. "ಮತ್ತೆ ಕೇಳ್ತೀನಿ. ಹೂಂ ಗೀಂ ಅಂದ್ರೆ ನೋಡಿ. ನಾನು, ಹೋಗಲಾ?"

"ಹೋಗಬೇಡ!"

ಷೆಡ್ಡಿನ ತಗಡು ಜುಂ ಅಂದಿತು. ಬೀದಿಯ ಆ ತುದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿ ತಿರುಗಿ ನೋಡಿದರು. ಟೈರಣ್ಣ ಗಾಳಿಯ ಪೈಪು ಹಿಡಿದುಕೊಂಡೇ ಓಡಿ ಬಂದ. "ಏನಾಯ್ತು? ಯಾರು ಹೋಗಬಾರದು? ನಾನು ಎಲ್ಲೂ ಹೋಗ್ತಿಲ್ಲವಲ್ಲಪ್ಪ!"

ಗಂಡ ಟೈರಣ್ಣನನ್ನು ನೋಡಿದ, ಬೀದಿ ನೋಡಿದ, ಎಲ್ಲರೂ ಇತ್ತಲೇ ನೋಡುತ್ತಿದ್ದುದನ್ನು ಕಂಡು ಗಾಬರಿಯಾದ. ಹೆಂಡತಿಯ ಕಡೆ ಬಗ್ಗಿ, ಗುಟ್ಟು ಹೇಳುವವನ ಹಾಗೆ ಕೇಳಿದ. ಆ ಗುಟ್ಟೂ ಟೈರಿನ ಅಂಗಡಿಯವರೆಗೆ ಕೇಳಿಸುತ್ತಿತ್ತು.

"ಯಾಕೆ ಎಲ್ಲಾ ನೋಡ್ತಿದ್ದಾರೆ? ನಾನು ಮೆಲ್ಲಗೇ ತಾನೇ ಹೇಳಿದ್ದು?"

"ಹೌದು, ಮೆಲ್ಲಗೇ ಹೇಳಿದ್ರಿ," ಅಂದಳು ಅವಳು, ಅವನ ಕೈ ಹಿಡಿದು. "ಇನ್ನೊಂದು ಸಲ ಹೇಳಿ."